ಕಲಗಚ್ಚಿಗೆ ಬಿದ್ದ ಕಷಾಯ

ಬೀಡಿ ಬಿಡುವುದೇನು ಮಹಾ! ಮನಸ್ಸು ಮಾಡಿದರೆ ಊಟ ಬಿಟ್ಟೇನು, ನಿದ್ದೆ ಬಿಟ್ಟೇನು, ಬೀಡಿ ಯಾವ ಲೆಕ್ಕ! ಹೀಗೆಂದು ವೇಮಗಲ್ಲಿನ ನಮ್ಮ ಫ್ಯಾಕ್ಟರಿಯಲ್ಲಿ, ತಂಬಾಕು ವಿರೋಧಿ ದಿನದ ಸಭೆಯಲ್ಲಿ, ಮೈಕ್ ಹಿಡಿದು ಸಾರಿದವನು ಬೇರೆ ಯಾರೂ ಅಲ್ಲ, ನಾನೇ.

"ಈಗ ಸ್ಟೋರ್ಸಿನ ಕೋದಂಡರಾಮಪ್ಪನವರು ಎರಡು ಮಾತಾಡ್ತಾರೆ" ಎಂದು ಕರೆದಿದ್ದರು. ಎರಡೇ ಮಾತಾಡಿ ಇಳಿದಿದ್ದರೆ ಈ ಪುರಾಣ ಹುಟ್ಟುತ್ತಲೇ ಇರಲಿಲ್ಲ. ಆದರೆ ಎದುರಿಗೆ ಸಾಲಾಗಿ ಕೂತ ಜನ, ಕೈಯಲ್ಲಿ ಮೈಕು, ಕೊರಳಲ್ಲಿ ಚೆಂಡುಹೂವಿನ ಹಾರ. ಇಂಥ ಹೊತ್ತಿನಲ್ಲಿ ಎಂಥವನ ನಾಲಿಗೆಯೂ ಹಿಡಿತಕ್ಕೆ ಸಿಗುವುದಿಲ್ಲ. ಪ್ರಾಯದಿಂದ ನನ್ನ ಎದೆಜೇಬಿನಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದ ಬೀಡಿ ಕಟ್ಟನ್ನು ಹೊರಗೆಳೆದು, ಮೇಲೆತ್ತಿ ತೋರಿಸಿ, "ಇಂದಿಗೆ ನಿನಗೂ ನನಗೂ ಋಣ ತೀರಿತು!" ಎಂದು ಗರ್ಜಿಸಿ ವೇದಿಕೆಯ ಕೆಳಗೆ ಎಸೆದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ! ಫೋಟೋ ತೆಗೆದರು. ಮಾರನೆಯ ದಿನ ಅದು ನೋಟಿಸ್ ಬೋರ್ಡಿಗೆ ಏರಿತು. ಕೆಳಗೆ ದಪ್ಪಕ್ಷರದಲ್ಲಿ "ನಮ್ಮ ಮಾದರಿ" ಎಂದು ಬರೆದಿದ್ದರು.

ಎಸೆದ ಕಟ್ಟನ್ನು ಕದಿರೇಶ ಎತ್ತಿಕೊಂಡ. ಈ ಕದಿರೇಶ ನಮ್ಮ ಹೋಳೂರಿನವನೇ, ನಮ್ಮ ಬೀದಿಯವನೇ. ಅದೇ ಫ್ಯಾಕ್ಟರಿಯ ಪ್ಯಾಕಿಂಗ್‌ನಲ್ಲಿ ಕೆಲಸ. ನಾನು ಹಚ್ಚಿದ ಬೀಡಿಯಲ್ಲಿ ಎರಡು ದಮ್ಮು ಎಳೆಯುವುದು ಅವನ ಪಿತ್ರಾರ್ಜಿತ ಹಕ್ಕು.

"ಅಣ್ಣ, ನಿಜವಾಗ್ಲೂ ಬಿಟ್ಬಿಟ್ಯಾ?" ಎಂದು ಕಂಗಾಲಾಗಿ ಕೇಳಿದ.

"ಇದು ಕೋದಂಡರಾಮನ ಬಾಣ ಕಣೋ! ಒಂದ್ಸಲ ಬಿಟ್ಟ ಮೇಲೆ ವಾಪಸ್ ಬರೋ ಮಾತೇ ಇಲ್ಲ!"

"ಬಾಣ ಸರಿ ಅಣ್ಣ, ಬಿಲ್ಲು ನಡುಗದೆ ಇದ್ರೆ ಸಾಕು" ಎಂದ ಪಾಪಿ.

ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ ಮುನಿಲಕ್ಷ್ಮಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನಮ್ಮಲ್ಲಿರುವುದು ಒಂದೇ ಸೀಮೆಹಸು. ಮೈಯೆಲ್ಲ ಕಪ್ಪು ಬಿಳುಪು, ಹೆಸರು ಮಾತ್ರ ಬಂಗಾರಿ. ಮುನಿಲಕ್ಷ್ಮಿ ಎರಡು ಎಳೆತ ಎಳೆಯುವುದು, ಕೈ ಕೊಡವುವುದು, ಮತ್ತೆ ಎರಡು ಎಳೆತ ಎಳೆಯುವುದು ಹೀಗೆ ಮಾಡುತ್ತಿದ್ದಳು. ವರ್ಷದಿಂದ ಅವಳ ಮಣಿಕಟ್ಟು ಊದಿಕೊಂಡಿತ್ತು. ಬಟ್ಟೆ ಹಿಂಡಲೂ ಆಗುತ್ತಿರಲಿಲ್ಲ. ಡಾಕ್ಟರು "ಹಾಲು ಕರೆಯೋದು ನಿಲ್ಸಿ" ಎಂದು ಹೇಳಿ ಕೈ ತೊಳೆದುಕೊಂಡಿದ್ದರು. ಹಸುವಿಗೆ ಆ ಮಾತನ್ನು ಹೇಳುವವರು ಯಾರು? ನಾನು ಕೂತರೆ ಬಂಗಾರಿ ಒದೆಯುತ್ತಿದ್ದಳು. ಆದ್ದರಿಂದ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಲ್ಲುವುದು ಮಾತ್ರ ನನ್ನ ಡ್ಯೂಟಿ.

"ಮುನಿಲಕ್ಷ್ಮಿ, ಇವತ್ತಿಂದ ನಾನು ಬೀಡಿ ಬಿಟ್ಟೆ ಕಣೇ!"

ಅವಳು ತಲೆ ಎತ್ತಲಿಲ್ಲ. "ಆಯ್ತು, ಆ ಬಕೆಟ್ಟು ಈ ಕಡೆ ಸರಿಸಿ" ಎಂದಳು.

ಮೊದಲ ದಿನ ವೀರಾವೇಶದಲ್ಲಿ ಕಳೆಯಿತು. ಆಮೇಲೆ ಶುರುವಾಯಿತು ನೋಡಿ ಆಟ! ಕೈ ತನ್ನಷ್ಟಕ್ಕೆ ತಾನೇ ಎದೆಜೇಬಿಗೆ ಹೋಗಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು ಪೆಚ್ಚಾಗಿ ವಾಪಸ್ ಬರುತ್ತಿತ್ತು. ತಲೆಯೊಳಗೆ ಯಾರೋ ರಾಗಿ ಬೀಸುತ್ತಿದ್ದರು. ಬೆಳಗಿನ ಮುಖ್ಯವಾದ ಕೆಲಸವೊಂದು ಬೀಡಿ ಹಚ್ಚದೆ ನಡೆಯುವುದಿಲ್ಲವೆಂದು ಮುಷ್ಕರ ಹೂಡಿತು. ಕೈ ಎಷ್ಟು ನಡುಗುತ್ತಿತ್ತೆಂದರೆ ಸಾರು ಬಡಿಸಿಕೊಳ್ಳಲು ಹೋಗಿ ಪಕ್ಕದ ತಟ್ಟೆಗೆ ಸುರಿದೆ. ಕೋಪವಂತೂ ಮೂಗಿನ ತುದಿಯಲ್ಲಿ ಗೂಡು ಕಟ್ಟಿತು. ಸ್ಟೋರ್ಸಿನಲ್ಲಿ ಬೋಲ್ಟುಗಳನ್ನು ಬೈದೆ, ನಟ್ಟುಗಳನ್ನು ಬೈದೆ. ಮನೆಯಲ್ಲಿ ಕೂಗಿದ ಹುಂಜವನ್ನು ಬೈದೆ, ಕೂಗದೆ ಸುಮ್ಮನಿದ್ದ ಕೋಳಿಯನ್ನೂ ಬೈದೆ.

"ರೀ, ನೀವು ಬೀಡಿ ಸೇದ್ತಿದ್ದಾಗ ಮನೇಲಿ ಬರೀ ಹೊಗೆ ಇತ್ತು. ಬಿಟ್ಟ ಮೇಲೆ ಬೆಂಕೀನೇ ಬಿದ್ದಿದೆ" ಎಂದಳು ಮುನಿಲಕ್ಷ್ಮಿ. ಹೇಳಿ ಸುಮ್ಮನಾಗಲಿಲ್ಲ, ತಮ್ಮನಿಗೆ ಫೋನ್ ಮಾಡಿದಳು.

ಅವಳ ತಮ್ಮ ಮುರಳೀಕೃಷ್ಣ ರಾಯಲ್ಪಾಡಿನಲ್ಲಿ ಮಾವಿನ ತೋಟ ಮಾಡಿಕೊಂಡಿದ್ದಾನೆ. ಮಾವಿನ ಸೀಸನ್ ಮುಗಿದರೆ ವರ್ಷಪೂರ್ತಿ ಮೊಬೈಲಿನಲ್ಲಿ ವೈದ್ಯಶಾಸ್ತ್ರದ ಅಧ್ಯಯನ. ಊರಿನಲ್ಲಿ ಯಾರು ಸೀನಿದರೂ ಇವನ ಹತ್ತಿರ ಒಂದು ವಿಡಿಯೋ ಇರುತ್ತದೆ. ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಹೊತ್ತು ಭಾನುವಾರ ಬಂದಿಳಿದವನೇ ನನ್ನ ರೆಪ್ಪೆ ಎಳೆದು ನೋಡಿ, ನಾಲಿಗೆ ಚಾಚಿಸಿ ನೋಡಿ, ತೆಲುಗಿನ ರಾಗದಲ್ಲಿ ತೀರ್ಪು ಕೊಟ್ಟ.

"ಬಾವಾ, ಇದಕ್ಕೆ ವಿತ್‌ಡ್ರಾಯಲ್ ಅಂತಾರೆ!"

"ಅದು ಬ್ಯಾಂಕಲ್ಲಲ್ವೇನೋ ಇರೋದು?"

"ಮೈಯಲ್ಲೂ ಇರುತ್ತೆ ಬಾವಾ. ಇಷ್ಟು ವರ್ಷ ಒಳಗೆ ತುಂಬಿದ ವಿಷ, ಬಿಟ್ಟೆ ಅಂದ ತಕ್ಷಣ ಬಿಡ್ತದಾ? ಇಂಗ್ಲಿಷ್ ಔಷಧಿ ಮುಟ್ಟಬೇಡಿ. ನಮ್ಮ ಅಜ್ಜಿ ಹತ್ರ ನಾರು ಬೇರಿನ ಗಂಟು ತಂದಿದೀನಿ. ಎರಡು ಹೊತ್ತು ಕುಟ್ಟಿ, ಕಷಾಯ ಕಾಸಿ, ಬೆಲ್ಲ ಹಾಕಿ ಒಂದು ಚೊಂಬು ಕುಡೀರಿ. ನಡುಕ, ತಲೆನೋವು, ಸಿಡುಕು, ಅಂತಾ ಪೋತುಂದಿ, ಎಲ್ಲಾ ಹೋಗ್ತದೆ!"

ಅಜ್ಜಿ ಅಂದರೆ ಆವಲಮ್ಮ. ಇವರಿಬ್ಬರ ತಾಯಿಯ ತಾಯಿ. ತೊಂಬತ್ತು ದಾಟಿದರೂ ಕಡಲೆ ಅಗಿಯುವ ಗಟ್ಟಿ ಮುದುಕಿ. ಅವಳ ಹೆಸರು ಕೇಳಿ ನನಗೂ ನಂಬಿಕೆ ಬಂತು.

ಆ ನಂಬಿಕೆ ಮೊದಲ ಗುಟುಕಿನ ತನಕ ಉಳಿಯಿತು. ಅಯ್ಯಯ್ಯೋ! ಈ ಭೂಮಿಯ ಮೇಲಿರುವ ಕಹಿ, ಒಗರು, ಘಾಟು ಎಲ್ಲವೂ ಒಟ್ಟಾಗಿ ಒಂದು ಚೊಂಬಿನಲ್ಲಿ ಸಭೆ ಸೇರಿದ್ದವು. ಅದರೊಳಗೆ ಬಿದ್ದ ಬೆಲ್ಲ ಮರ್ಯಾದಸ್ಥರ ಮನೆಯ ಹುಡುಗಿ ರೌಡಿಗಳ ನಡುವೆ ಸಿಕ್ಕಿಕೊಂಡ ಹಾಗೆ ಮೂಲೆಯಲ್ಲಿ ನಿಂತು ಅಳುತ್ತಿತ್ತು. ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದೆ.

"ಪೂರ್ತಿ ಕುಡೀರಿ" ಎಂದಳು ಮುನಿಲಕ್ಷ್ಮಿ, ಸೊಂಟದ ಮೇಲೆ ಕೈಯಿಟ್ಟು.

"ಹಿತ್ತಿಲಲ್ಲಿ ನಿಂತ್ಕೊಂಡು ಕುಡೀತೀನಿ ಕಣೇ. ಗಾಳಿ ಬೇಕು."

ಹಿತ್ತಿಲ ಬಾಗಿಲ ಪಕ್ಕದಲ್ಲಿ ಕಲಗಚ್ಚಿನ ಬಕೆಟ್ಟು ಇತ್ತು. ಹಸು ಸಾಕಿದ ಮನೆಗಳಲ್ಲಿ ಈ ಬಕೆಟ್ಟಿಗಿರುವ ಸ್ಥಾನ ದೇವರ ಮನೆಗೂ ಇಲ್ಲ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಬದನೆಕಾಯಿ ತೊಟ್ಟು, ಉಳಿದ ಸಾರು, ಒಂದು ಹಿಡಿ ಬೂಸಾ ಎಲ್ಲವೂ ಅದಕ್ಕೆ ಬೀಳುತ್ತವೆ. ಅದರಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ, ಹಸುವೂ ಕೇಳುವುದಿಲ್ಲ. ನಾನು ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಚೊಂಬು ಬಗ್ಗಿಸಿದೆ. ಬಾಯಿ ಒರೆಸಿಕೊಂಡು ಒಳಗೆ ಬಂದೆ.

"ಹೆಂಗಿದೆ?" 

"ಈಗ್ಲೇ ಸ್ವಲ್ಪ ಹಗುರ ಅನ್ನಿಸ್ತಿದೆ!" ಎಂದೆ. ಚೊಂಬು ಹಗುರವಾಗಿದ್ದು ಸುಳ್ಳಲ್ಲವಲ್ಲ.

ಕಷಾಯ ಹೊಟ್ಟೆಗೆ ಹೋಗಲಿಲ್ಲ ಎಂದ ಮೇಲೆ ನಡುಕ ಹೇಗೆ ನಿಂತಿತು ಎಂದು ಕೇಳುತ್ತೀರಿ. ಕೊಟ್ಟಿಗೆಯ ಆಚೆ ಹುಲ್ಲಿನ ಬಣವೆ ಇದೆ. ಬಣವೆಯ ಹಿಂದೆ ಯಾರಿಗೂ ಕಾಣದ ಒಂದು ಕಲ್ಲಿದೆ. ಆ ಕಲ್ಲಿನ ಮೇಲೆ ಕೂತು ಬೆಳಿಗ್ಗೆ ಒಂದು ಬೀಡಿ, ಸಂಜೆ ಒಂದು ಬೀಡಿ. ಆಮೇಲೆ ಬಾಯಿ ತುಂಬ ಸೀಬೆ ಎಲೆ! ಇಷ್ಟೇ ನನ್ನ ಚಿಕಿತ್ಸೆ. ನಡುಕ ಹೋಯಿತು, ಸಿಡುಕು ಹೋಯಿತು, ಬೆಳಗಿನ ಮುಷ್ಕರವೂ ಇತ್ಯರ್ಥವಾಯಿತು. ಕೀರ್ತಿಯೆಲ್ಲ ಕಷಾಯಕ್ಕೆ ಬಂತು.

ಮುರಳಿ ಫೋನಿನಲ್ಲಿ "ನೋಡಿದ್ರಾ ಬಾವಾ!" ಎಂದು ಎಗರಾಡಿದ. ಫ್ಯಾಕ್ಟರಿಯಲ್ಲಿ ಜನ ನನ್ನ ಹತ್ತಿರ ಸಲಹೆಗೆ ಬಂದರು. "ಮೂಲ ಇರೋದು ಮನಸ್ಸಿನಲ್ಲಿ" ಎಂದು ನಾನು ಕಣ್ಣು ಅರ್ಧ ಮುಚ್ಚಿ ಉಪದೇಶ ಮಾಡಿದೆ. ಕದಿರೇಶ ಒಬ್ಬ ಮಾತ್ರ ಮೂಗು ಅರಳಿಸಿ, "ಅಣ್ಣ, ನಿನ್ನ ಉಪದೇಶ ಸೀಬೆ ಎಲೆ ವಾಸನೆ ಬರ್ತದೆ" ಎಂದ. ನಾನು ಕೇಳಿಸಿಕೊಳ್ಳಲಿಲ್ಲ.

ಅತ್ತ ಕೊಟ್ಟಿಗೆಯಲ್ಲಿ ಇನ್ನೊಂದು ಪವಾಡ ನಡೆಯುತ್ತಿತ್ತು. ಬಂಗಾರಿ ಕಲಗಚ್ಚಿನ ಬಕೆಟ್ಟನ್ನು ತಳ ಸವೆಯುವ ಹಾಗೆ ನೆಕ್ಕತೊಡಗಿದಳು. ಮೈ ಮಿರಮಿರನೆ ಮಿಂಚಿತು. ಹಾಲು ದಿನೇ ದಿನೇ ಏರಿತು. ಹಾಲಿನ ಸಂಘದಲ್ಲಿ ಮುನಿಲಕ್ಷ್ಮಿಯ ಕ್ಯಾನು ನೋಡಿ, "ಏನಕ್ಕಾ, ಹಸು ಹಿಂಡ್ತೀಯೋ ಬೋರ್‌ವೆಲ್ ಹಿಂಡ್ತೀಯೋ?" ಎಂದು ಕೇಳಿದರಂತೆ.

"ಎಲ್ಲಾ ನಾನು ಹಾಕೋ ಜೋಳದ ಮೇವಿನ ಮಹಿಮೆ" ಎಂದು ಅವಳು ಬೀಗಿದಳು. ನಾನು ವಿನಯದಿಂದ ತಲೆಯಾಡಿಸಿದೆ.

ಒಂದು ಸಂಜೆ ಸಂಘದಿಂದ ಬಂದವಳ ಮುಖ ಅರಳಿತ್ತು. ಶ್ರಾವಣದಲ್ಲಿ ಊರಿನಲ್ಲಿ ಹಾಲು ಕರೆಯುವ ಸ್ಪರ್ಧೆಯಂತೆ. ಹೆಚ್ಚು ಹಾಲು ಕೊಟ್ಟ ಹಸುವಿಗೆ ಬಹುಮಾನವಾಗಿ ಹಾಲು ಕರೆಯುವ ಮಿಷನ್ನು!

"ಕೆಚ್ಚಲಿಗೆ ಸಿಕ್ಸಿ ಸ್ವಿಚ್ ಹಾಕಿದ್ರೆ ಆಯ್ತಂತೆ ರೀ. ಕೈಗೆ ಕೆಲಸಾನೇ ಇಲ್ಲ." ಅವಳು ಊದಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ನೀವಿಕೊಳ್ಳುತ್ತಾ ಹೇಳಿದಳು. "ಬಂಗಾರಿ ಹಿಂಗೇ ಕೊಟ್ರೆ ನಂದೇ ಮಿಷನ್ನು."

ಅವಳು ತನಗಾಗಿ ಏನನ್ನಾದರೂ ಬೇಕು ಎಂದಿದ್ದನ್ನು ನಾನು ಕೇಳಿದ್ದು ಅಪರೂಪ. ನನಗೂ ಆ ಮಿಷನ್ನು ಬರಲೇಬೇಕು ಅನ್ನಿಸಿತು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸುಸೂತ್ರ. ಆದರೆ ದಿನಾ ಎರಡು ಹೊತ್ತು ಚೊಂಬು ಹಿಡಿದು ಕಳ್ಳನ ಹಾಗೆ ಹಿತ್ತಿಲಿಗೆ ಹೋಗುವುದು ನನಗೆ ಬೇಸರವಾಗಿತ್ತು. "ಮುನಿಲಕ್ಷ್ಮಿ, ನನಗೆ ಪೂರ್ತಿ ಗುಣ ಆಯ್ತು ಕಣೇ. ಕಷಾಯ ಸಾಕು" ಎಂದು ಘೋಷಿಸಿದೆ. ಅವಳು ಗಂಟು ಕಟ್ಟಿ ಮೇಲಿಟ್ಟಳು.

ಮಾರನೆಯ ದಿನ ಬಂಗಾರಿ ಕಲಗಚ್ಚಿಗೆ ಮೂತಿ ಇಟ್ಟು, ಮೂಸಿ, ತಲೆ ಎತ್ತಿ ನನ್ನನ್ನೇ ನೋಡಿದಳು. ಅದರ ಮಾರನೆಯ ದಿನ ಬಕೆಟ್ಟನ್ನು ಕೊಂಬಿನಿಂದ ಎತ್ತಿ ಎಸೆದಳು. ಮೇವು ಮುಟ್ಟಲಿಲ್ಲ. ಕಂಬಕ್ಕೆ ಹಣೆ ಉಜ್ಜಿದಳು. ನಿಂತಲ್ಲಿ ನಿಲ್ಲದೆ ಗೂಟದ ಸುತ್ತ ತಿರುಗಿದಳು. ಹುಂಜ ಕೂಗಿದರೆ ಹುಂಜದ ಮೇಲೆ ಎಗರಿದಳು, ಕೋಳಿ ಸುಮ್ಮನಿದ್ದರೆ ಕೋಳಿಯ ಮೇಲೂ ಎಗರಿದಳು! ಹಾಲು ಜರ್ರನೆ ಇಳಿಯಿತು. ಮುನಿಲಕ್ಷ್ಮಿ ಕೂತು ಎಷ್ಟು ಎಳೆದರೂ ಬಂಗಾರಿ ಸೊರೆ ಬಿಡಲಿಲ್ಲ, ಅಂದರೆ ಹಾಲನ್ನು ಕೆಚ್ಚಲಿಗೆ ಇಳಿಸದೆ ಮೇಲೆಯೇ ಬಿಗಿಹಿಡಿದಳು.

ಪಶುಗಳ ಡಾಕ್ಟರ್ ರಜನಿ ಮೇಡಂ ಬಂದು ಜ್ವರ ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಕಾಯಿಲೆ ಏನೂ ಇಲ್ಲ. ಯಾಕೋ ಸಿಡುಕ್ತಿದೆ ಅಷ್ಟೆ. ಏನಾದ್ರೂ ಅಭ್ಯಾಸ ತಪ್ಪಿಸಿದ್ರಾ?"

"ಇಲ್ಲ ಮೇಡಂ" ಎಂದಳು ಮುನಿಲಕ್ಷ್ಮಿ.

ನನಗೆ ಮಾತ್ರ ಬೆನ್ನಿನಲ್ಲಿ ಬೆವರಿಳಿಯಿತು. ನಡುಕ, ತಲೆನೋವು, ಸಿಡುಕು! ಬಂಗಾರಿಗೆ ಬಂದಿದ್ದು ಬೇರೇನೂ ಅಲ್ಲ, ನನ್ನ ರೋಗವೇ! ಬೀಡಿ ಬಿಟ್ಟವನಿಗೆ ಬರಬೇಕಾದ ವಿತ್‌ಡ್ರಾಯಲ್ಲು ಕಷಾಯ ಬಿಟ್ಟ ಹಸುವಿಗೆ ಬಂದಿತ್ತು.

ನಿಜ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ. ಹೇಳಿದರೆ ಕಷಾಯ ಯಾರು ಕುಡಿದರು ಎಂಬ ಪ್ರಶ್ನೆ ಬರುತ್ತದೆ. ಅದರ ಹಿಂದೆ ಬಣವೆ ಬರುತ್ತದೆ. ಬಣವೆಯ ಹಿಂದೆ ಬೀಡಿ ಬರುತ್ತದೆ. ನೋಟಿಸ್ ಬೋರ್ಡಿನ ಮಾದರಿ ಪುರುಷ ಬೀದಿಗೆ ಬರುತ್ತಾನೆ. ಬಾಯಿ ಮುಚ್ಚಿಕೊಂಡೆ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೈಯನ್ನು ಗಡಗಡ ನಡುಗಿಸಿದೆ. ಅರ್ಧ ಕಾಫಿ ಲುಂಗಿಗೆ ಚೆಲ್ಲಿತು.

"ಮುನಿಲಕ್ಷ್ಮೀ... ಮತ್ತೆ ಶುರುವಾಯ್ತು ಕಣೇ!"

"ಅಯ್ಯೋ, ನಾನು ಅವತ್ತೇ ಅಂದೆ, ಅಷ್ಟು ಬೇಗ ನಿಲ್ಲಿಸ್ಬೇಡಿ ಅಂತ!" ಅವಳು ಲಗುಬಗೆಯಿಂದ ಗಂಟು ಇಳಿಸಿದಳು. ಕಷಾಯ ಕುದಿಯಿತು. ಚೊಂಬು ಹಿತ್ತಿಲಿಗೆ ಹೋಯಿತು. ಸಂಜೆಗೆ ಬಂಗಾರಿ ಸೊರೆ ಬಿಟ್ಟಳು. ಎರಡು ಮೂರು ದಿನದಲ್ಲಿ ಹಾಲು ಮೊದಲಿನಷ್ಟೇ ಆಯಿತು. ಸ್ಪರ್ಧೆ ಮುಗಿಯುವ ತನಕ ನಾನು ರೋಗಿಯಾಗಿ ಇರಲೇಬೇಕಾಯಿತು. ಬಂಗಾರಿಯ ಹಾಲಿಗಾಗಿ ನಾನು ಸಾಂಬಾರು ಚೆಲ್ಲಿದೆ, ಬಾಗಿಲು ಒದ್ದೆ, ನಗು ಬಂದಾಗಲೂ ಸಿಡುಕಿದೆ. ಅಭಿನಯಕ್ಕೆ ಪ್ರಶಸ್ತಿ ಕೊಡುವವರು ನಮ್ಮ ಹೋಳೂರಿನ ಕಡೆ ಬರುವುದಿಲ್ಲ.

ಸ್ಪರ್ಧೆಯ ಹಿಂದಿನ ಸಂಜೆ ಹಸುಗಳನ್ನೆಲ್ಲ ಶಾಲೆಯ ಮೈದಾನದ ಶಾಮಿಯಾನದ ಕೆಳಗೆ ಕಟ್ಟಿಸಿ, ಎಲ್ಲರ ಎದುರಿನಲ್ಲಿ ಕೆಚ್ಚಲು ಬರಿದು ಮಾಡಿಸಿದರು. ಬೆಳಿಗ್ಗೆ ಕರೆದ ಹಾಲನ್ನು ತೂಗುವುದು, ಗಂಟೆ ಹೊಡೆದ ಮೇಲೆ ಅರ್ಧ ಗಂಟೆ ಅವಕಾಶ. ಇಂಜೆಕ್ಷನ್ ಚುಚ್ಚಿ ಹಾಲು ಇಳಿಸಿದವರನ್ನು ಸ್ಪರ್ಧೆಯಿಂದ ಕೈಬಿಡಲಾಗುವುದು ಎಂದು ರಜನಿ ಮೇಡಂ ಮೈಕಿನಲ್ಲಿ ಹೇಳಿದರು. ತೀರ್ಪುಗಾರರು ಅವರೇ.

ಬೆಳಿಗ್ಗೆ ಮುನಿಲಕ್ಷ್ಮಿ ಹೊಸ ಸೀರೆ ಉಟ್ಟು, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬಂದಳು. ಬರುವಾಗ ಮುಚ್ಚಿದ ಚೊಂಬು ನನ್ನ ಕೈಗಿತ್ತಳು. "ಇಷ್ಟು ಗಡಿಬಿಡಿಯಲ್ಲೂ ನಿಮ್ಮ ಕಷಾಯ ಮರೀಲಿಲ್ಲ ನೋಡಿ. ಬೇಗ ಕುಡಿದು ಬನ್ನಿ. ಹಗ್ಗ ಹಿಡಿಯೋಕೆ ಕೈ ನಡುಗಬಾರ್ದು."

ನಾನು ಬಂಗಾರಿಯ ಕಲಗಚ್ಚಿನ ಬಕೆಟ್ಟಿನ ಹತ್ತಿರ ಹೋದೆ. ಬಂಗಾರಿ ಆಗಲೇ ಮೂಗು ಅರಳಿಸಿ ಕಾಯುತ್ತಿದ್ದಳು. ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಹಿಂದೆ ನೋಡಲಿಲ್ಲ. ಹಿಂದೆ ಕದಿರೇಶ ತನ್ನ ಹಸು ಹಿಡಿದು ನಿಂತಿದ್ದ.

"ಮೇಡಂ! ಮೇಡಂ! ಇಲ್ಲಿ ನೋಡಿ! ನಮ್ಮಣ್ಣ ಹಸುಗೆ ಏನೋ ಮದ್ದು ಹಾಕ್ತಾವ್ನೆ!"

ನಾನು ಬೆಚ್ಚಿದ್ದಕ್ಕೆ ಒಂದಿಷ್ಟು ಕಷಾಯ ಎದೆಜೇಬಿನ ಮೇಲೆ ಚೆಲ್ಲಿತು. ಜನ ಸೇರಿದರು. ರಜನಿ ಮೇಡಂ ಬಂದರು.

"ಏನ್ರೀ ಇದು?"

"ನನ್ನ ಕಷಾಯ ಮೇಡಂ! ಬೀಡಿ ಬಿಟ್ಟಿದ್ದಕ್ಕೆ ಕುಡಿಯೋದು! ಬೇಕಾದ್ರೆ ನನ್ನ ಹೆಂಡತೀನ ಕೇಳಿ!"

"ಹೌದು ಮೇಡಂ, ಅವರದೇ. ನಾನೇ ಕಾಸಿದ್ದು" ಎಂದಳು ಮುನಿಲಕ್ಷ್ಮಿ, ಏನೂ ತಿಳಿಯದೆ.

"ನೀವು ಕುಡಿಯೋದಾದ್ರೆ ಬಕೆಟ್ಟಿಗೆ ಯಾಕೆ ಬಗ್ಗಿಸ್ತಿದ್ರಿ?"

"ಕೈ ನಡುಕ ಮೇಡಂ. ತುಳುಕಿಬಿಡ್ತು."

"ಸರಿ. ಹಾಗಾದ್ರೆ ನಮ್ಮೆದುರಿಗೆ ಕುಡೀರಿ."

ಊರಿಗೆ ಊರೇ ನನ್ನ ಗಂಟಲನ್ನು ನೋಡುತ್ತಾ ನಿಂತಿತು. ನಾನು ಕುಲದೇವರನ್ನು ನೆನೆದು ಚೊಂಬು ಎತ್ತಿದೆ. ಗುಟುಕು ಗುಟುಕಾಗಿ ಆವಲಮ್ಮನ ಇಡೀ ಕಾಡು ನನ್ನೊಳಗೆ ಇಳಿಯಿತು. ಕಣ್ಣಿನಲ್ಲಿ ನೀರು, ಮೂಗಿನಲ್ಲಿ ನೀರು. ಆದರೂ ಒಂದು ತೊಟ್ಟು ಬಿಡದೆ ಕುಡಿದೆ. ಉಳಿಸಿದರೆ ಮಿಷನ್ನು ಹೋಗುತ್ತದೆ ಎಂಬ ಭಯ.

ಮೇಡಂ ಖಾಲಿ ಚೊಂಬು ಮೂಸಿದರು. ಮತ್ತೊಮ್ಮೆ ಮೂಸಿದರು. "ಮೆಂತ್ಯ, ಸಬ್ಬಸಿಗೆ, ಓಮ, ಶತಾವರಿ ಬೇರು... ಯಾರ್ರೀ ನಿಮಗೆ ಇದನ್ನ ಕೊಟ್ಟಿದ್ದು? ಇದು ಬಾಣಂತಿಯರಿಗೆ ಹಾಲು ಬರಲಿ ಅಂತ ಕೊಡೋ ಮದ್ದು!"

ಶಾಮಿಯಾನ ಹಾರಿಹೋಗುವ ಹಾಗೆ ಜನ ನಕ್ಕರು. ಮುರಳಿ ಅಕ್ಕನಿಗೆ ಬೆಂಬಲ ಕೊಡಲು ರಾಯಲ್ಪಾಡಿನಿಂದ ಬಂದು ಮುಂದಿನ ಸಾಲಿನಲ್ಲೇ ನಿಂತಿದ್ದ. ನಾನು ಅವನನ್ನು ನೋಡಿದೆ. ಅವನು ನೆಲ ನೋಡಿದ.

"ಅದು... ಬಾವಾ... ಅಜ್ಜಿ ಹತ್ರ ಇರೋದೇ ಒಂದು ಗಂಟು. ಜ್ವರ ಅಂದ್ರೂ ಅದೇ, ಹೆರಿಗೆ ಅಂದ್ರೂ ಅದೇ. ನನ್ನ ಮದುವೆ ಮುರಿದಾಗ್ಲೂ ಅದೇ ಕೊಟ್ಲು."

"ಹಸುಗೆ ಕೊಟ್ರೂ ತಪ್ಪೇನಿಲ್ಲ, ಮನೆ ಮದ್ದೇ" ಎಂದು ಮೇಡಂ ನಗು ತಡೆದುಕೊಂಡು ಹೇಳಿದರು. ಇದನ್ನು ಮೊದಲೇ ಹೇಳಿದ್ದರೆ ಚೊಂಬು ಬಂಗಾರಿಗೆ ಸೇರುತ್ತಿತ್ತು. ಈಗ ಅದು ನನ್ನ ಹೊಟ್ಟೆಯಲ್ಲಿತ್ತು. ಢಣ್ ಎಂದು ಗಂಟೆ ಬಾರಿಸಿದರು.

ಎಲ್ಲ ಕಡೆ ಸೊರ್ ಸೊರ್ ಎಂದು ಹಾಲು ಬಕೆಟ್ಟಿಗೆ ಬೀಳುವ ಸದ್ದು. ನಮ್ಮ ಬಕೆಟ್ಟಿನಲ್ಲಿ ಮಾತ್ರ ಸದ್ದಿಲ್ಲ. ಬಂಗಾರಿ ಕಷಾಯ ಬೀಳದ ಕಲಗಚ್ಚಿನ ಬಕೆಟ್ಟನ್ನು ಮೂಸಿ, ಕಾಲು ಝಾಡಿಸಿ, ಹಾಲನ್ನು ಬಿಗಿಹಿಡಿದು ನಿಂತಳು. ಮುನಿಲಕ್ಷ್ಮಿ ಸವರಿದಳು, ಬೇಡಿದಳು, "ಬಾರಮ್ಮಾ ಬಂಗಾರಿ, ನನ್ನ ತಾಯಿ" ಎಂದು ಗೋಗರೆದಳು. ನೋವಿರುವ ಕೈಯಲ್ಲೇ ಎಳೆದಳು. ಸುತ್ತಿದ ಬಟ್ಟೆ ಜಾರಿ ಊದಿದ ಮಣಿಕಟ್ಟು ಕಾಣಿಸಿತು. ಪಕ್ಕದಲ್ಲಿ ಕದಿರೇಶನ ಹೆಂಡತಿಯ ಬಕೆಟ್ಟು ಅರ್ಧ ತುಂಬಿತ್ತು. ಮುನಿಲಕ್ಷ್ಮಿ ಒಮ್ಮೆ ಅದರ ಕಡೆ ನೋಡಿ ತುಟಿ ಕಚ್ಚಿಕೊಂಡಳು.

ಬಂಗಾರಿಯ ಮುಂದೆ ಹೋಗಿ ನಿಂತೆ. "ತಪ್ಪಾಯ್ತು ಕಣಮ್ಮ. ನಿನ್ನ ಪಾಲು ನಾನು ಕುಡಿದ್ಬಿಟ್ಟೆ. ಅವಳ ಮೇಲೆ ಸಿಟ್ಟು ಮಾಡ್ಬೇಡ" ಎಂದು ಕಿವಿಯಲ್ಲಿ ಹೇಳಲು ಬಗ್ಗಿದೆ. ಅಷ್ಟರಲ್ಲಿ ಆವಲಮ್ಮನ ಮದ್ದು ತನ್ನ ಕೆಲಸ ತೋರಿಸಿತು. ನಾಭಿಯಿಂದ ಹೊರಟ ಒಂದು ದೊಡ್ಡ ತೇಗು ಬಂಗಾರಿಯ ಮೂಗಿಗೇ ನೇರವಾಗಿ ಹೋಯಿತು.

ಬಂಗಾರಿಯ ಕಿವಿ ನಿಮಿರಿತು. ಕಣ್ಣು ಅರಳಿತು. ಉಪ್ಪುಕಾಗದದಂಥ ನಾಲಿಗೆಯನ್ನು ಹೊರಚಾಚಿ ನನ್ನ ಗಲ್ಲವನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ ನೆಕ್ಕಿದಳು. ಹಿಂದಿನಿಂದ ಸದ್ದು ಬಂತು: ಸೊರ್‌ರ್!

"ಬಿಟ್ಲು! ಸೊರೆ ಬಿಟ್ಲು!" ಎಂದು ಮುನಿಲಕ್ಷ್ಮಿ ಕೂಗಿದಳು.

ನಾನು ಸಂತೋಷದಿಂದ ಪಕ್ಕಕ್ಕೆ ಸರಿದೆ. ಸದ್ದು ನಿಂತಿತು.

"ಅಲ್ಲಾಡ್ಬೇಡಿ! ಅಲ್ಲೇ ನಿಂತ್ಕೊಳ್ಳಿ!"

ನಿಂತೆ. ಬಂಗಾರಿ ಗಲ್ಲ ನೆಕ್ಕಿದಳು, ಹಣೆ ನೆಕ್ಕಿದಳು, ಇದ್ದ ನಾಲ್ಕು ಕೂದಲನ್ನು ಹಿಂದಕ್ಕೆ ಬಾಚಿದಳು. ಮುಖದ ಚರ್ಮವೆಲ್ಲ ಉರಿಯಿತು. ಜನ ತಮ್ಮ ತಮ್ಮ ಹಸು ಬಿಟ್ಟು ನಮ್ಮ ಸುತ್ತ ಸೇರಿದರು, ಮೊಬೈಲು ಎತ್ತಿದರು. ಮುಖ ಮುಗಿಸಿದ ಬಂಗಾರಿ ಕೆಳಗಿಳಿದು, ಕಷಾಯ ಚೆಲ್ಲಿದ್ದ ಎದೆಜೇಬಿಗೆ ಬಂದಳು. ಜೇಬನ್ನು ಹೀರಿದಳು, ಜಗ್ಗಿದಳು. ಪರ್ ಎಂದು ಹೊಲಿಗೆ ಬಿಟ್ಟಿತು. ಅವಳ ಬಾಯಿಯಲ್ಲಿ ಒಂದು ಬೀಡಿ ಕಟ್ಟು ನೇತಾಡಿತು.

ಅದನ್ನು ಎರಡು ಸಲ ಮೂಸಿ, ಥೂ ಎನ್ನುವ ಹಾಗೆ ಫೂತ್ಕರಿಸಿ, ಎಲ್ಲರ ಕಾಲ ಬುಡಕ್ಕೆ ಎಸೆದಳು.

ಕದಿರೇಶ ಬಗ್ಗಿ ಕಟ್ಟನ್ನು ಎತ್ತಿಕೊಂಡು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, "ಅಣ್ಣ, ಬಾಣ ವಾಪಸ್ ಬಂತಲ್ಲಣ್ಣ!" ಎಂದ.

ನಾನು ಮೆಲ್ಲಗೆ ತಲೆ ತಿರುಗಿಸಿ ಹೆಂಡತಿಯ ಕಡೆ ನೋಡಿದೆ. ಅವಳು ಬೀಡಿ ನೋಡಿದಳು, ಚೊಂಬು ನೋಡಿದಳು, ಬಂಗಾರಿಯನ್ನು ನೋಡಿದಳು. ಮುಖದಲ್ಲಿ ಒಂದೊಂದೇ ಅರ್ಥವಾಗುತ್ತಾ ಹೋಯಿತು. ಕೈ ಮಾತ್ರ ನಿಲ್ಲಲಿಲ್ಲ.

"ಮುಂದೆ ತಿರುಗಿ. ಅಲ್ಲಾಡ್ಬೇಡಿ" ಎಂದಳು. "ಬೈಯೋದು ಆಮೇಲೆ. ಮೊದಲು ಹಾಲು."

ಮೊದಲ ಬಹುಮಾನ ಬಂಗಾರಿಗೇ ಬಂತು. ಮುನಿಲಕ್ಷ್ಮಿಗೆ ಶಾಲು ಹೊದಿಸಿದರು, ಬಂಗಾರಿಗೆ ಹಾರ ಹಾಕಿದರು. ನನಗೆ ಮುಖಕ್ಕೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ ಕೊಟ್ಟರು.

ಮನೆಗೆ ಬಂದ ಮೇಲೆ ವಿಚಾರಣೆ ಶುರುವಾಯಿತು.

"ಇಷ್ಟು ದಿನ ಕಷಾಯ ಕುಡಿದಿದ್ದು ಯಾರು?"

"ಬಂಗಾರಿ."

"ಬೀಡಿ ಸೇದಿದ್ದು?"

"ಅದು ನಾನೇ. ಬಣವೆ ಹಿಂದೆ."

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. "ಆ ಬೇರು ಎಷ್ಟು ಗಟ್ಟಿ ಇತ್ತು ಗೊತ್ತಾ ನಿಮಗೆ? ಎರಡು ಹೊತ್ತೂ ಈ ಕೈಯಲ್ಲೇ ಕುಟ್ಟಿದೆ" ಎಂದು ಮಣಿಕಟ್ಟು ತೋರಿಸಿ, ಎದ್ದು ಒಳಗೆ ಹೋದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೈಕು, ಹಾರ, ಚಪ್ಪಾಳೆ ಎಲ್ಲ ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಒರಳುಕಲ್ಲು ಹುಡುಕಿಕೊಂಡು ಹೋಗಿ, ಆ ಸಂಜೆಯ ಬೇರನ್ನು ನಾನೇ ಕುಟ್ಟಿದೆ. ನಿಜವಾಗಿಯೂ ಗಟ್ಟಿಯಿತ್ತು.

ಮಿಷನ್ನು ಬಂತು. ಜೋಡಿಸುವವನು ಬಂದು, ನಾಲ್ಕು ಕೊಳವೆ ಸಿಕ್ಕಿಸಿ, ಸ್ವಿಚ್ ಹಾಕಿದ. ಮಿಷನ್ನು ಗುಂಯ್ ಎಂದಿತು. ಬಂಗಾರಿ ಹಾಲು ಬಿಡಲಿಲ್ಲ. ಅವನು ಅದು ತಿರುಗಿಸಿದ, ಇದು ಬಿಗಿ ಮಾಡಿದ, ಬೆವರಿದ. ಕಷಾಯವನ್ನು ಬಕೆಟ್ಟಿಗೇ ಸುರಿದು ಕೊಟ್ಟರೂ ಬಂಗಾರಿ ಮೂಸಿ ನನ್ನನ್ನೇ ನೋಡಿದಳು. ರುಚಿ ಬದಲಾಗಿತ್ತು! ಸ್ಪರ್ಧೆಯ ದಿನದಿಂದ ಅವಳಿಗೆ ಕಷಾಯ ಬೇಕಿರಲಿಲ್ಲ, ಕಷಾಯ ಕುಡಿದ ಗಂಡಸು ಬೇಕಿತ್ತು. ಮುನಿಲಕ್ಷ್ಮಿ ಚೊಂಬನ್ನು ನನ್ನ ಕೈಗಿತ್ತಳು. ನಾನು ಮೂಗು ಹಿಡಿದು ಕುಡಿದೆ. ಹೋಗಿ ಮುಂದೆ ನಿಂತೆ. ಗುಂಯ್ ಎನ್ನುವ ಕೊಳವೆಯಲ್ಲಿ ಬೆಳ್ಳಗೆ ಹಾಲು ಓಡಿತು.

ಒಂದು ದಿನ ಪರೀಕ್ಷೆಗೆಂದು ಒಂದೇ ಒಂದು ಬೀಡಿ ಸೇದಿ, ಸೀಬೆ ಎಲೆ ಅಗಿದು, ಕಷಾಯ ಕುಡಿದು ಹೋದೆ. ಬಂಗಾರಿ ನನ್ನ ಬಾಯಿ ಮೂಸಿದಳು. ಮುಂದಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ಬಣವೆಗೆ ಒರಗಿಕೊಂಡು ಕೂತಿದ್ದೆ. ಅಲ್ಲಿಗೆ ಬೀಡಿಯ ಅಧ್ಯಾಯ ಮುಗಿಯಿತು. ಫ್ಯಾಕ್ಟರಿಯ ನೋಟಿಸ್ ಬೋರ್ಡಿನಲ್ಲಿ ಈಗ ನನ್ನ ಫೋಟೋ ಇಲ್ಲ. ಬೀಡಿ ಕಟ್ಟನ್ನು ಬಾಯಿಂದ ಎಸೆಯುತ್ತಿರುವ ಬಂಗಾರಿಯ ಫೋಟೋ ಇದೆ. ಕೆಳಗೆ ಅದೇ ದಪ್ಪಕ್ಷರ, "ನಮ್ಮ ಮಾದರಿ."

ಮೊನ್ನೆ ಮುರಳಿ ಫೋನ್ ಮಾಡಿ ಮಿಷನ್ ಹೇಗಿದೆ ಎಂದು ಕೇಳಿದ. ಮುನಿಲಕ್ಷ್ಮಿ ಊತ ಇಳಿದ ಕೈಯಲ್ಲಿ ಫೋನ್ ಹಿಡಿದು, ಕುರ್ಚಿಯ ಮೇಲೆ ಕಾಲು ಚಾಚಿ ಕೂತು ಉತ್ತರ ಕೊಟ್ಟಳು. ನಾನು ಕೊಟ್ಟಿಗೆಯಲ್ಲಿ ಡ್ಯೂಟಿಯ ಮೇಲಿದ್ದೆ. ಎಲ್ಲ ಕೇಳಿಸಿತು.

"ಮಿಷನ್ ಬಲೇ ಚೆನ್ನಾಗೈತೆ ಕಣೋ. ಅದಕ್ಕೆ ಮೂರು ಪಾರ್ಟು. ಮೋಟಾರಿಗೆ ಕರೆಂಟು, ಪೈಪಿಗೆ ಬಿಸಿನೀರು, ನಿಮ್ಮ ಬಾವನಿಗೆ ಕಷಾಯ. ಮೊದಲೆರಡು ಕೆಟ್ರೆ ರಿಪೇರಿಯೋನ್ನ ಕರೀಬೇಕು. ಮೂರನೇದು ಕೆಟ್ರೆ ಯಾರನ್ನೂ ಕರೆಯೋದು ಬೇಡ, ಬಂಗಾರೀನೇ ಒದ್ದು ಸರಿಮಾಡ್ತಾಳೆ!"